ಜಾಲಿಗಿಡದ ಹೊಸ ಹೆಸರು

“ನಾ ಬರಿಯೂದಿಲ್ಲ ಅಂದ್ರ ಬರಿಯೂದಿಲ್ಲ!” ದಾಮೋದರರಾಯರು ಕುಂಚವನ್ನು ಬಣ್ಣದ ಡಬ್ಬಿಯಲ್ಲೇ ಬಿಟ್ಟು ಕೈಕಟ್ಟಿ ನಿಂತರು.

ಸೊಲ್ಲಾಪುರದ ಆ ಕಾಲೇಜಿನ ತೋಟದಲ್ಲಿ ಮರಮರಕ್ಕೂ ಹೆಸರಿನ ಫಲಕ ಬರೆದವರು ಅವರೇ. ಜಾಲಿಗಿಡದ ಶಾಸ್ತ್ರೀಯ ಹೆಸರು ‘ಅಕೇಸಿಯಾ ನಿಲೋಟಿಕಾ’ವನ್ನಂತೂ ನಿವೃತ್ತರಾಗುವ ತನಕ ಹುಡುಗರಿಂದ ಬಾಯಿಪಾಠ ಮಾಡಿಸಿದ್ದರು. ಈಗ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿರುವ ಶಿಷ್ಯೆ ಶ್ರೀಲೇಖಾ, ಹೊಸ ಹೆಸರನ್ನೂ ಗುರುಗಳ ಕೈಯಿಂದಲೇ ಬರೆಸಬೇಕೆಂದು ಹಟ ಹಿಡಿದು ಕರೆಸಿದ್ದಳು. ಗಂಡನೊಡನೆ ಅಕ್ಕಲಕೋಟೆಯ ತವರಿಗೆ ಹೊರಟಿದ್ದ ರಾಯರ ಹೆಂಡತಿ ವೇಣೂಬಾಯಿ ಚೀಲ ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದರು.

“ಸರ್, ಈಗ ಎಲ್ಲಾರೂ ವ್ಯಾಚೆಲಿಯಾ ಅಂತಾರ. ಪುಸ್ತಕದಾಗೂ ಬಂದದ.”

“ಬರ್ಲಿ! ಎಲ್ಲೋ ಸಭಾ ಕೂಡಿಸಿ, ಕೈ ಎತ್ತಿ, ಇದರ ಹೆಸರು ಆಸ್ಟ್ರೇಲಿಯಾದ ಗಿಡಕ್ಕ ಕೊಟ್ಟುಬಿಟ್ರು. ಇದನ್ನ ಒಂದು ಮಾತು ಕೇಳಿದ್ರೇನು?”

ಗಿಡವನ್ನು ಕೇಳುವುದು ಹೇಗೆಂದು ಶ್ರೀಲೇಖಾಗೆ ತಿಳಿಯಲಿಲ್ಲ. “ಹಳೀದು ಪೂರ್ತಿ ಹೋಗೂದಿಲ್ಲ ಸರ್. ಕೆಳಗ ಸಣ್ಣ ಅಕ್ಷರದಾಗ ಬರೀತೇವಿ.”

ವೇಣೂಬಾಯಿ ನಕ್ಕುಬಿಟ್ಟರು. “ಜಾಲಿಗಿಡದ ನಸೀಬು ಚಲೋ ಅದ ಬಿಡವಾ. ನನ್ನ ಹೆಸರು ಕೆಳಗೂ ಉಳೀಲಿಲ್ಲ.”

“ನಿನಗೇನಾತೀಗ?” ರಾಯರು ರೇಗಿದರು.

“ಮದಿವ್ಯಾಗ ಹೆಸರು ಬದಲಿಸೂ ಶಾಸ್ತ್ರಕ್ಕ ಅಕ್ಕಿ ತಾಟಿನಾಗ ಉಂಗುರದ್ಲೆ ವೇಣು ಅಂತ ಬರದ್ರಿ. ಅಲ್ಲೀತನಕ ನಾ ಲೀಲಾ ಇದ್ದೆ. ನನ್ನ ಒಂದು ಮಾತು ಕೇಳಿದ್ರೇನು?”

ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಅಕ್ಕಿಯ ಮೇಲೆ ಆ ಎರಡಕ್ಷರ ಎಷ್ಟು ಚೆಂದ ಮೂಡಿವೆಯೆಂದು ತಾವು ಬೀಗಿದ್ದು ರಾಯರಿಗೆ ನೆನಪಾಯಿತು. ಪಕ್ಕದಲ್ಲಿ ಕೂತ ಹುಡುಗಿಯ ಮುಖ ಆಗ ಹೇಗಿತ್ತೆಂಬುದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

ಅವರು ಕುಂಚ ಎತ್ತಿಕೊಂಡು ಸ್ಟೂಲ್ ಹತ್ತಿದರು. ಮೇಲೆ ಹೊಸ ಹೆಸರು, ಕೆಳಗೆ ಹಳೆಯದು, ಎರಡನ್ನೂ ಒಂದೇ ಅಳತೆಯಲ್ಲಿ ಬರೆದರು. ಸಣ್ಣ ಅಕ್ಷರದ ಮಾತೆತ್ತುವ ಧೈರ್ಯ ಶ್ರೀಲೇಖಾಗೆ ಬರಲಿಲ್ಲ.

“ಲೀಲಾ, ಕೈ ಕೊಡು, ಇಳೀತೀನಿ.”

ವೇಣೂಬಾಯಿ ಜಾಲಿಯ ಹಳದಿ ಹೂ ನೋಡುತ್ತ ಸುಮ್ಮನೆ ನಿಂತಿದ್ದರು.

“ಲೀಲಾ!” ಎಂದು ಗಟ್ಟಿಯಾಗಿ ಕರೆದ ಮೇಲೆ ಬೆಚ್ಚಿ ತಿರುಗಿದರು.

“ನನ್ನ ಕರದ್ರೇನ್ರಿ? ಆ ಹೆಸರಿಗೆ ಓ ಅನ್ನೂದ ಮರ್ತಬಿಟ್ಟೀನಿ ನೋಡ್ರಿ.” ಗಂಡನ ಕೈ ಹಿಡಿದವರು ಅವರನ್ನು ಸ್ಟೂಲಿನಿಂದ ಕೆಳಗಿಳಿಸಲೇ ಇಲ್ಲ. “ಇನ್ನೊಮ್ಮಿ ಕರೀರಿ.”