ಪಟ್ಟಿ ಕಟ್ಟಿದ ಮೂರು ತಲೆ

ನನ್ನ ವಿಷಯಕ್ಕೆ ನೀನು ತಲೆ ಹಾಕಬೇಡ ಎನ್ನುವ ಮಾತು ಹೈಸ್ಕೂಲ್ ಕ್ವಿಜ್‌ನಲ್ಲಿ ನಡೆಯುವುದಿಲ್ಲ. ತಂಡದ ಮೂವರ ಹಣೆಗೂ ಪಟ್ಟಿ ಕಟ್ಟುತ್ತಾರೆ. ಬಿಚ್ಚುವವರೆಗೂ ಒಬ್ಬರ ಯೋಚನೆ ಮೂವರದ್ದೂ ಹೌದು.

ಜಿಲ್ಲಾ ಫೈನಲ್‌ನ ದಿನ ಅನಸೂಯಾ ಮೇಡಂ ಪಟ್ಟಿ ಬಿಗಿಯುತ್ತಾ, "ಲೋಕೇಶ, ತಿಂಡಿ ನೆನಪು ಮಾಡ್ಕೋಬೇಡ ಕಣೋ. ಹೋದ್ಸಲ ನಿನ್ನ ಪುಳಿಯೋಗರೆ ಧ್ಯಾನದಲ್ಲೇ ಮೂವರೂ ಸೋತ್ರಿ," ಎಂದರು.

ಈ ಸಲ ಲೋಕೇಶ ಹಸಿವನ್ನು ತಡೆದುಕೊಂಡ. ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಎರಡು ತಂಡಗಳೂ ಸಮ. ಎದುರಿನವರು ತಮ್ಮ ಪ್ರಶ್ನೆಗೆ ಆಗಲೇ ತಪ್ಪು ಹೇಳಿದ್ದರು. ಇವರು ಸರಿ ಹೇಳಿದರೆ ಕಪ್ ಇವರದು, ತಪ್ಪಿದರೆ ಇನ್ನೊಂದು ಸುತ್ತು.

ಆಗಲೇ ತಂಡದ ಇನ್ನೊಬ್ಬಳಾದ ರಿಹಾನಾಳ ತಲೆಯಿಂದ ಒಂದು ಯೋಚನೆ ಜಾರಿ ಬಂತು: ಅಪ್ಪನಿಗೆ ಬೀದರ್‌ಗೆ ವರ್ಗವಾಗಿದೆ, ನಾಳೆ ಬೆಳಿಗ್ಗೆ ಸಾಮಾನಿನ ಲಾರಿ ಬರುತ್ತದೆ.

'ಯಾಕೇ ಹೇಳ್ಲಿಲ್ಲ?' ಕ್ಯಾಪ್ಟನ್ ಶರ್ವಾಣಿ ತಲೆಯೊಳಗೇ ಗದರಿದಳು.

'ಹೇಳಿದ್ರೆ ನೀನು ಅಳ್ತಿದ್ದೆ. ಪಟ್ಟಿ ಕಟ್ಕೊಂಡ್ಮೇಲೆ ನೀನೊಬ್ಳು ಅತ್ರೆ ಮೂರು ಮೂಗೂ ಸೋರುತ್ತೆ.'

"ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು?" ಎಂದು ಕ್ವಿಜ್ ಮಾಸ್ತರರು ಕೇಳಿದರು.

ಬುಧ ಎಂದು ಮೂರು ತಲೆಯೂ ಒಳಗೊಳಗೇ ಹೇಳಿದವು. ಬಾಯಿಬಿಟ್ಟು ಹೇಳಿದರೆ ಕಪ್ ಬರುತ್ತದೆ, ಪಟ್ಟಿ ಹೋಗುತ್ತದೆ. ಶರ್ವಾಣಿ ಎದ್ದು ನಿಂತಳು.

"ಬೀದರ್, ಸಾರ್."

ಸಭಾಂಗಣವೆಲ್ಲ ನಕ್ಕಿತು. ಇನ್ನೊಂದು ಸುತ್ತು ಎಂದು ಮಾಸ್ತರರು ಸಾರಿದರು. ಅನಸೂಯಾ ಮೇಡಂ ವೇದಿಕೆಗೆ ಓಡಿ ಬಂದು ನೋಡಿದರೆ ಮೂವರೂ ಮೂಗು ಒರೆಸಿಕೊಳ್ಳುತ್ತಿದ್ದರು.

"ಏನ್ರೋ ಆಯ್ತು? ಪಟ್ಟಿ ಬಿಗಿ ಆಯ್ತಾ? ಬಿಚ್ಲಾ?"

"ಬೇಡ ಮೇಡಂ," ಎಂದವು ಮೂರು ಬಾಯಿ, ಒಟ್ಟಿಗೆ.