ಮರಳಲ್ಲಿ ಸಿಕ್ಕ ಗುಂಡುಕಲ್ಲು

ರುಬ್ಬಿದ ಉದ್ದಿನ ವಾಸನೆ ಬಂದರೆ ಈಗಲೂ ನನಗೆ ಕುವೈತಿನ ಮರಳುಗಾಡೇ ನೆನಪಾಗುತ್ತದೆ.

ಶತ್ರು ಸೈನ್ಯ ನುಗ್ಗಿದಾಗ ಎಲ್ಲ ಬಿಟ್ಟು ಊರಿಗೆ ಓಡಿಹೋಗಿದ್ದ ನಾವು, ಯುದ್ಧ ಮುಗಿದ ಮೇಲೆ ಕುವೈತಿಗೆ ವಾಪಸ್ ಬಂದು ಫರ್ವಾನಿಯಾದಲ್ಲಿ ಹೊಸದಾಗಿ ಮನೆ ಮಾಡಿದ್ದೆವು. ಹವಲ್ಲಿಯ ಹಳೆಯ ಮನೆಯಲ್ಲಿ ಸೈನಿಕರ ಲೂಟಿಯಿಂದ ಒಂದು ಚಮಚವೂ ಉಳಿದಿರಲಿಲ್ಲ. ಚಳಿಗಾಲದ ಒಂದು ಶುಕ್ರವಾರ ಮರಳುಗಾಡಿಗೆ ಪಿಕ್ನಿಕ್ ಹೋದಾಗ, ಪುಳಿಯೋಗರೆ ಡಬ್ಬಿ ಬಿಚ್ಚುವ ಮೊದಲೇ ಅಪ್ಪನೂ ಅವರ ಆಫೀಸಿನ ರಾಜಣ್ಣ ಅಂಕಲ್ಲೂ ಸುಟ್ಟು ತುಕ್ಕು ಹಿಡಿದ ಮಿಲಿಟರಿ ಗಾಡಿಯೊಂದರ ಮುಂದೆ ವಾದಕ್ಕೆ ನಿಂತರು.

"ಟ್ಯಾಂಕ್ ಇದು," ಅಂದರು ಅಪ್ಪ.

"ಟ್ಯಾಂಕಿಗೆ ಸ್ಟೀರಿಂಗ್ ಇರುತ್ತೇನ್ರೀ? ಟ್ರಕ್ಕು!" ಅಂದರು ಅಂಕಲ್.

ಅಷ್ಟರಲ್ಲಿ ಗಾಡಿಯ ಹಿಂದೆ, ಮರಳಲ್ಲಿ ಅರ್ಧ ಹೂತಿದ್ದ ನುಣ್ಣನೆಯ ಕಪ್ಪು ಗುಂಡೊಂದು ಅಪ್ಪನ ಕಣ್ಣಿಗೆ ಬಿತ್ತು. "ಬಾಂಬ್! ಯಾರೂ ಮುಟ್ಟಬೇಡಿ!" ಇಬ್ಬರೂ ಆವತ್ತು ಮೊದಲ ಸಲ ಒಮ್ಮತಕ್ಕೆ ಬಂದು, ನನ್ನನ್ನೂ ಎಳೆದುಕೊಂಡು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು.

ಅಮ್ಮ ಮಾತ್ರ ಅದರತ್ತ ನಡೆದಳು.

"ಲೇ, ಬಾರೇ ಈಚೆ!"

ಅಮ್ಮ ಬಗ್ಗಿ ಸೆರಗಿನಿಂದ ಮರಳು ಒರೆಸಿದಳು. "ಗ್ರೈಂಡರಿನ ಗುಂಡುಕಲ್ಲು ಕಣ್ರೀ."

ಅಂಕಲ್ ಥಟ್ಟನೆ ಎದ್ದು ಪ್ಯಾಂಟು ಕೊಡವಿಕೊಂಡರು. "ನಾನಾಗ್ಲೇ ಹೇಳ್ಲಿಲ್ವಾ? ದೋಚಿದ ಗ್ರೈಂಡರನ್ನ ಯಾರಾದ್ರೂ ಟ್ಯಾಂಕಲ್ಲಿ ಸಾಗಿಸ್ತಾರಾ? ಟ್ರಕ್ಕೇ ಇದು!"

ಅಪ್ಪ ಅಮ್ಮನ ಹತ್ತಿರ ಹೋಗಿ, "ನಮ್ದೇನೇ?" ಎಂದು ಮೆಲ್ಲಗೆ ಕೇಳಿದರು.

"ಅಲ್ಲ, ಯಾರದೋ." ಅಮ್ಮ ಕಲ್ಲನ್ನು ಇನ್ನೊಮ್ಮೆ ಒರೆಸಿದಳು. "ಪಾಪ, ಅವಳೂ ನನ್ನ ಹಾಗೇ ಉದ್ದು ನೆನೆಹಾಕಿಟ್ಟು ಓಡಿದಳೋ ಏನೋ."