ಫ್ಯಾನಿನ ವಯಸ್ಸು

ಹಗ್ಗದ ಗಂಟು ಬಿಚ್ಚಲು ಹೋಗಿ ಮೇಸ್ತ್ರಿಯ ಹತ್ತೂ ಬೆರಳು ಸೋತವು. ಹಳೆಯ ಫ್ಯಾನುಗಳನ್ನು ಬಿಚ್ಚಿ ಜೋಡಿಸುತ್ತಲೇ ನಲವತ್ತು ವರ್ಷ ಕಳೆದ ಬೆರಳುಗಳವು. ಹಳೇ ಹೊದಿಕೆಯಲ್ಲಿ ಸುತ್ತಿದ ಟೇಬಲ್ ಫ್ಯಾನು ಮಾತ್ರ ಬುತ್ತಿಗಂಟಿನ ಹಾಗೆ ಅವನ ಮುಂದೆ ಹಟ ಹಿಡಿದು ಕೂತಿತ್ತು.

"ಇರಿ, ಕತ್ತರಿ ತರ್ತೀನಿ."

"ಕತ್ತರಿ ಯಾಕೆ? ಪಾಪ, ಹಗ್ಗ ಏನು ತಪ್ಪು ಮಾಡಿದೆ?" ಎನ್ನುತ್ತ ಸ್ಟೂಲಿನ ಮೇಲಿದ್ದ ಮುದುಕಿ ಎದ್ದು ಬಂದಳು. ಸುತ್ತಿನೊಳಗೆ ಅಡಗಿದ್ದ ತುದಿಯನ್ನು ಉಗುರಿನಿಂದ ಹುಡುಕಿ ಒಮ್ಮೆ ಎಳೆದಳು. ಮೂರು ಸುತ್ತಿನ ಗಂಟು ತಾನಾಗಿ ಸಡಿಲಗೊಂಡು ಬಿತ್ತು.

"ಭಲೇ ಅಜ್ಜಿ!"

"ನಿಮ್ಮ ತಲೆ ನನ್ನದಕ್ಕಿಂತ ಬೆಳ್ಳಗಿದೆ. ಅಜ್ಜಿಯಂತೆ!"

ಜೊತೆಗೆ ಬಂದಿದ್ದ ಟೀಚರು ನಗಲಿಲ್ಲ. ಐವತ್ತು ದಾಟಿದ ಹೆಂಗಸು. ಯಾವುದೂ ಕರಾರುವಾಕ್ಕಾಗಿ ಇರಬೇಕು ಅವಳಿಗೆ. "ಚಿಕ್ಕಮ್ಮ, ನೀವು ಕೂತ್ಕೊಳ್ಳಿ" ಎಂದು ಹೇಳಿ ಮೇಸ್ತ್ರಿಯ ಕಡೆ ತಿರುಗಿದಳು. "ಇದು ನಮ್ಮಮ್ಮಂದು. ಮದುವೆಯಲ್ಲಿ ತವರಿಂದ ಬಂದಿದ್ದು. ಐವತ್ತೊಂಬತ್ತನೇ ಇಸವಿಯಲ್ಲಿ ಅಮ್ಮ ತೀರಿಕೊಂಡಳು, ಆಗ ನನಗೆ ಎರಡು ವರ್ಷ. ಅವಳದು ಅಂತ ಉಳಿದಿರೋದು ಇದೊಂದೇ. ಮಗಳಿಗೆ ಕೊಡೋ ಮೊದಲು ಅಮ್ಮನ ಹೆಸರು, ಫ್ಯಾನಿನ ವರ್ಷ ಎರಡೂ ಕೆತ್ತಿಸಬೇಕು ಅಂತಿದೀನಿ. ತಳದಲ್ಲಿ ಐವತ್ನಾಲ್ಕು ಅಂತಿದೆ. ಮದುವೆ ಐವತ್ತೈದರಲ್ಲಿ, ತಾಳೆ ಆಗುತ್ತೆ. ನೀವೊಂದ್ಸಲ ನೋಡಿ ಹೌದು ಅಂದ್ರೆ ಸಾಕು."

ಮೇಸ್ತ್ರಿ ಒಂದು ಗಳಿಗೆ ಕಣ್ಣುಮುಚ್ಚಿ ತಲೆಬಾಗಿದ. ಯಾವ ಯಂತ್ರವನ್ನು ಮುಟ್ಟುವ ಮುಂಚೆಯೂ ಅವನಿಗದು ರೂಢಿ. ಒಂದು ಜೀವದ ಸೆಕೆ ನೀಗಿದ ವಸ್ತುವಿನಲ್ಲಿ ದೇವರ ಕೈ ಇದ್ದೇ ಇರುತ್ತದೆ ಎಂದು ಅವನ ನಂಬಿಕೆ. ಆಮೇಲೆ ಬಟ್ಟೆ ಹಿಡಿದು ಮುಂದಿನ ಜಾಲರಿ ಒರೆಸಲು ಹೋದ. ತಂತಿಗಳ ನಡುವಿನ ಅಗಲ ಸಂದುಗಳಿಗೆ ಯಾರೋ ಹತ್ತಿಯ ದಾರದಿಂದ ಬಲೆ ಕಟ್ಟಿದ್ದರು. ದಾರ ಚಹಾದ ಬಣ್ಣಕ್ಕೆ ತಿರುಗಿತ್ತು.

"ಅದನ್ನ ಕೀಳಬೇಡಿ! ನನ್ನ ಬೆರಳು ಒಳಗೆ ಹೋಗದಿರಲಿ ಅಂತ ಅಮ್ಮ ಕಟ್ಟಿದ್ದು. ಚಿಕ್ಕವಳಿದ್ದಾಗ ಆ ಗಂಟುಗಳನ್ನ ಎಣಿಸ್ತಾ ಎಣಿಸ್ತಾನೇ ನಿದ್ದೆ ಹೋಗ್ತಿದ್ದೆ."

ಮುದುಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮೇಸ್ತ್ರಿ ರೆಕ್ಕೆಯನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟ. ಹಳೆಯ ಕಾಲದ ಫ್ಯಾನುಗಳ ಹಿತ್ತಾಳೆಯ ನಾದವಲ್ಲ, ಅಲ್ಯೂಮಿನಿಯಂ. ಪೀಠ ಹಿಡಿದು ಒಂದೇ ಕೈಯಲ್ಲಿ ಎತ್ತಿದ. ಎರಕದ ಕಬ್ಬಿಣವಾಗಿದ್ದರೆ ಅಷ್ಟು ಸಲೀಸಾಗಿ ಏಳುತ್ತಿರಲಿಲ್ಲ. ಮೋಟಾರಿನ ಮೇಲಿನ ನಂಬರು ಓದಿ, ಯಾವ ನಂಬರು ಯಾವ ವರ್ಷದ್ದೆಂದು ತಾನೇ ಬರೆದಿಟ್ಟ ಹರಿದ ನೋಟುಬುಕ್ಕಿನಲ್ಲಿ ಹುಡುಕಿದ. ಸಿಕ್ಕಿತು. ಪುಟದ ಮೇಲೆ ಬೆರಳಿಟ್ಟು ನಂಬರನ್ನು ಇನ್ನೊಮ್ಮೆ ಓದಿದ. ತಲೆ ಎತ್ತಿದರೆ ಮುದುಕಿ ಅವನನ್ನೇ ನೋಡುತ್ತಿದ್ದಳು. ಬೇಡ ಎಂಬಂತೆ ಕೂದಲೆಳೆಯಷ್ಟು ತಲೆಯಾಡಿಸಿದಳು.

"ಐವತ್ನಾಲ್ಕೇ ತಾನೇ?" ಟೀಚರು ಕೇಳಿದಳು.

ಫ್ಯಾನಿನ ವಯಸ್ಸಿನ ವಿಷಯದಲ್ಲಿ ಮೇಸ್ತ್ರಿ ಅಂದಿನವರೆಗೆ ಯಾರಿಗೂ ಸುಳ್ಳು ಹೇಳಿದವನಲ್ಲ. "ಕೆತ್ತಿದ ಮೇಲೆ ಅಳಿಸೋಕಾಗಲ್ಲ ತಂಗಿ, ಅದಕ್ಕೇ ಹೇಳ್ತೀನಿ. ತಳದಲ್ಲಿರೋದು ಪೇಟೆಂಟಿನ ವರ್ಷ. ಈ ನಮೂನೆ ನಮ್ಮದು ಅಂತ ಕಂಪನಿಯವರು ಬರೆಸಿಕೊಂಡ ವರ್ಷ. ಆಮೇಲೂ ಎಷ್ಟೋ ವರ್ಷ ಅದೇ ಇಸವಿಯ ತಗಡು ಹೊಡೀತಾರೆ. ಎಲ್ಲರೂ ಎಡವೋದು ಅಲ್ಲೇ. ಇದು ಹುಟ್ಟಿದ್ದು ಅರವತ್ತೆರಡರಲ್ಲಿ."

"ಅರವತ್ತೆರಡು..." ಟೀಚರ ತುಟಿ ವರ್ಷಗಳನ್ನು ಕೂಡಿಸಿ ಕಳೆಯಿತು. "ಅಷ್ಟೊತ್ತಿಗೆ ಅಮ್ಮ ಹೋಗಿ ಮೂರು ವರ್ಷ."

"ಇವರಿಗೇನು ಗೊತ್ತು, ಬಾರೇ ಹೋಗೋಣ!" ಮುದುಕಿ ದಡಬಡಿಸಿ ಎದ್ದಳು. "ಹರಿದ ಪುಸ್ತಕ ಹಿಡ್ಕೊಂಡು ಶಾಸ್ತ್ರ ಹೇಳ್ತಾರೆ!"

"ಹಾಗಾದ್ರೆ ಇದು ಯಾರದ್ದು? ಈ ಬಲೆ ಕಟ್ಟಿದ್ದು ಯಾರು?" ಟೀಚರ ದನಿ ಸಣ್ಣ ಮಗುವಿನ ದನಿಯಂತಿತ್ತು.

ಮೇಸ್ತ್ರಿ ಸಣ್ಣ ಚಿಮಟ ತೆಗೆದು, ಜಾಲರಿಯ ಗಂಟೊಂದರ ಒಳಗೆ ಅಡಗಿದ್ದ ದಾರದ ತುದಿಯನ್ನು ಮೆಲ್ಲಗೆ ಹೊರಗೆ ತಂದು ಅವಳ ಬೆರಳಿಗೆ ಕೊಟ್ಟ. "ಎಳೀರಿ."

ಎಳೆದಳು. ಇಷ್ಟು ವರ್ಷ ಬಿಗಿಯಾಗಿದ್ದ ಗಂಟು, ಒಂದು, ಎರಡು, ಮೂರು ಸುತ್ತು, ತಾನಾಗಿ ಸಡಿಲಗೊಂಡಿತು.

ಟೀಚರು ದಾರವನ್ನು ನೋಡಿದಳು. ಮೇಜಿನ ಅಂಚಿನಲ್ಲಿ ಬಿದ್ದಿದ್ದ ಹಗ್ಗವನ್ನು ನೋಡಿದಳು. ಆಮೇಲೆ ದಿನವೂ ಕಣ್ಣೆದುರಿಗೇ ಇದ್ದ ಚಿಕ್ಕಮ್ಮನ ಕೈಗಳನ್ನು ನೋಡಿದಳು.

ಮುದುಕಿ ಮತ್ತೆ ಸ್ಟೂಲಿನ ಮೇಲೆ ಕೂತಳು. "ನಿಮ್ಮಪ್ಪನ್ನ ಕಟ್ಟಿಕೊಂಡು ನಾ ಬಂದ ಹೊಸದರಲ್ಲಿ ನನ್ನ ಕೈಯಿಂದ ನೀನು ನೀರೂ ಕುಡೀತಿರಲಿಲ್ಲ. ಆ ಬೇಸಿಗೆಯಲ್ಲಿ ನಿಂಗೆ ಮೈತುಂಬಾ ಬೆವರುಸಾಲೆ. ನಾ ತಂದಿದ್ದು ಅಂದಿದ್ರೆ ಇದರ ಗಾಳಿಗೂ ಮುಖ ಕೊಡ್ತಿರಲಿಲ್ಲ. ಅಟ್ಟದ ಮೇಲಿತ್ತು, ನಿಮ್ಮಮ್ಮಂದು ಅಂದೆ. ನೀನು ಮಲಗಿಬಿಟ್ಟೆ." ಅಂಗೈಯಿಂದ ಮೂಗು ಒರೆಸಿಕೊಂಡಳು. "ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ ಕಣೇ. ಅವಳದು ಅಂತ ನಿಂಗೆ ಒಂದಾದ್ರೂ ಇರಲಿ ಅಂತ..."

ಟೀಚರು ಫ್ಯಾನಿಗೆ ಮತ್ತೆ ಹೊದಿಕೆ ಸುತ್ತಿದಳು, ಹಗ್ಗ ಬಳಸಿದಳು, ಎರಡೂ ತುದಿಗಳನ್ನು ಚಿಕ್ಕಮ್ಮನ ಮುಂದೆ ಹಿಡಿದಳು.

"ನಾ ಕಟ್ಟಿದ್ರೆ ದಾರೀಲೇ ಬಿಚ್ಚಿಹೋಗುತ್ತೆ. ನೀ..." ಇಷ್ಟು ವರ್ಷ ‘ನೀವು’ ಎಂದೇ ಪಳಗಿದ ನಾಲಿಗೆ ಒಂದು ಕ್ಷಣ ತಡವರಿಸಿತು. "ನೀನೇ ಕಟ್ಟು."

ಮುದುಕಿ ಹಗ್ಗ ಹಿಡಿದಳು. ಎರಡನೇ ಸುತ್ತಿಗೇ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಿದಳು.